ದೂರಿನ ಕಾಲಮ್ಮಿಗೆ ಹೋದ ಅಳು

“ಅಮ್ಮಾ, ಕುಸುಮ ಅಮ್ಮೂಮ್ಮ ಈಗ ನನ್ನ ಕಂಡ್ರೆ ಯಾಕೆ ಬಾಗಿಲು ಹಾಕ್ಕೊಳ್ತಾರೆ?”

ಶಾಲೆಯ ಬೂಟಿನ ಲೇಸು ಬಿಚ್ಚುತ್ತ ಕೃತಿ ಕೇಳಿದ್ದು ಮಲಯಾಳದಲ್ಲಿ. ಎಡಪ್ಪಳ್ಳಿಯಲ್ಲೇ ಹುಟ್ಟಿ ಬೆಳೆದ ಆರು ವರ್ಷದ ಹುಡುಗಿಗೆ ಕನ್ನಡ ಕಿವಿಗೆ ಮಾತ್ರ, ಬಾಯಿಗಿಲ್ಲ. “ಅವರಿಗೆ ಹುಷಾರಿಲ್ಲ ಕಣೇ” ಎಂದು ದಿಶಾ ಮಾತು ತೇಲಿಸಿದಳು. ಆದರೆ ಅವಳ ತಲೆಯಲ್ಲೂ ಅದೇ ಪ್ರಶ್ನೆ ಕೊರೆಯುತ್ತಿತ್ತು. ಅವಳು ಬ್ಯಾಂಕಿನಿಂದ ಬರುವವರೆಗೆ ಎರಡು ವರ್ಷದಿಂದ ಮಗುವನ್ನು ನೋಡಿಕೊಂಡವರು ಅಜ್ಜಿ ಎಂಬರ್ಥದಲ್ಲಿ ಕೃತಿ ಅಮ್ಮೂಮ್ಮ ಎನ್ನುವ ಎದುರು ಫ್ಲ್ಯಾಟಿನ ಕುಸುಮಾವತಿ. ಬಾಳೆಹಣ್ಣಿನ ಬಿಸಿ ಪಳಂಪೊರಿ ಕರಿದು ಕೊಟ್ಟು, ಎಣ್ಣೆಯ ಬೆರಳನ್ನು ತಮ್ಮ ಸೆರಗಿಗೇ ಒರೆಸಿ ಕಳಿಸುತ್ತಿದ್ದವರು. ಹೋದ ವಾರ ಇದ್ದಕ್ಕಿದ್ದ ಹಾಗೆ, “ಬೇರೆ ಏರ್ಪಾಡು ಮಾಡಿಕೋ ದಿಶಾ, ನನಗೆ ಸ್ವಲ್ಪ ಕೆಲಸ ಉಂಟು” ಎಂದುಬಿಟ್ಟರು. ಅಂದಿನಿಂದ ದಿಶಾ ಮ್ಯಾನೇಜರ ಗಂಟುಮೋರೆ ನೋಡಿಕೊಂಡೇ ನಾಲ್ಕಕ್ಕೆ ಎದ್ದು ಬರುತ್ತಿದ್ದಳು.

ಕುಸುಮಾವತಿ ಕುಂಬಳೆಯ ಕಡೆಯವರು. ಇಪ್ಪತ್ತೆರಡಕ್ಕೆ ಅಂಚೆ ಇಲಾಖೆ ಸೇರಿ ತಿರುವನಂತಪುರಕ್ಕೆ ಹೋದವರು, ಅಲ್ಲಿ ಮೂವತ್ತಾರು ವರ್ಷ ಒಂದೇ ಮೇಜಿಗೆ ಕೂತರು. ಪಡೆಯಬೇಕಾದವರು ಸಿಗದ, ಕಳಿಸಿದವರ ವಿಳಾಸವೂ ಇಲ್ಲದ ಕಾಗದಗಳು ಬಂದು ಬೀಳುವ ಮೇಜು ಅದು. ಲಕೋಟೆ ಒಡೆದು, ಒಳಗೆ ಎಲ್ಲಾದರೂ ಊರಿನ ಹೆಸರೋ ಮನೆಯ ಹೆಸರೋ ಇದೆಯೇ ಎಂದು ಹುಡುಕಿ ವಾಪಸು ಕಳಿಸುವುದು ಕೆಲಸ. ವಿಳಾಸ ತಿಳಿಯುವಷ್ಟು ಮಾತ್ರ ಓದಬೇಕು, ಅದರಾಚೆಗೆ ಒಂದು ಸಾಲೂ ಕೂಡದು ಎಂಬುದು ನಿಯಮ. ಕನ್ನಡದ ಕಾಗದಗಳೆಲ್ಲ ಇವರ ಪಾಲಿಗೆ. ಯಾರ ಮದುವೆ ಮುರಿಯಿತು, ಯಾರ ಮಗ ಮನೆ ಬಿಟ್ಟ, ಒಂದೂ ತಮಗೆ ಗೊತ್ತಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. “ಕಣ್ಣು ಓಡಬೇಕು, ನಿಲ್ಲಬಾರದು.”

ಗಂಡ ಜನಾರ್ದನ ಎಡಪ್ಪಳ್ಳಿಗೆ ಹತ್ತಿರದ ಅಂಬಲಮುಗಳಿನ ಎಣ್ಣೆ ರಿಫೈನರಿಯಲ್ಲಿ. ಮದುವೆಯಾದ ಮೇಲೂ ಬಹುಕಾಲ ಅವರು ಅಲ್ಲಿ, ಇವರು ತಿರುವನಂತಪುರದಲ್ಲಿ; ಎರಡು ವಾರಕ್ಕೊಮ್ಮೆ ರೈಲು, ನಡುವೆ ಕಾಗದ. ನಿವೃತ್ತಿಯಾಗಿ ಎಡಪ್ಪಳ್ಳಿಯಲ್ಲಿ ಒಂದೇ ಸೂರಿನಡಿ ಐದು ವರ್ಷ ಬಾಳಿದರು, ಅಷ್ಟೇ. ಆತ ಹೋದ ಮೇಲೆ ಹೊತ್ತು ಹೋಗದೆ ಕೂತವರಿಗೆ ಮೂರನೇ ಮಹಡಿಯ ರಂಜಿತ್ ತನ್ನ ಕಂಪನಿಯದೊಂದು ಕೆಲಸ ಕೊಡಿಸಿದ. ಆನ್‌ಲೈನಿನಲ್ಲಿ ಬರುವ ಧಾರಾವಾಹಿಗಳ ಬಗ್ಗೆ ಕನ್ನಡದ ವೀಕ್ಷಕರು ಬರೆದ ಅಭಿಪ್ರಾಯಗಳನ್ನು ಓದಿ ಮೆಚ್ಚುಗೆ, ದೂರು, ಇತರೆ ಎಂದು ಮೂರು ಕಾಲಮ್ಮಿಗೆ ಹಾಕುವ ಕೆಲಸ. “ನನಗೆ ಇದು ಹೊಸದಲ್ಲ” ಎಂದು ಕುಸುಮಾವತಿ ಕನ್ನಡಕ ಏರಿಸಿದ್ದರು.

ಈಚೆಗೆ ಅವರ ಕೈಗೆ ಬಂದದ್ದು ‘ಶಂಖದೂರು’, ನಾನೂರು ಅಭಿಪ್ರಾಯ. ಕೃತಿ ಪ್ರಾಣ ಬಿಡುತ್ತಿದ್ದ ಕಾರ್ಟೂನು. ಕೆರೆಯ ತಳದಲ್ಲಿ ಮುಳುಗಿದ ಒಂದು ಊರು, ಅಲ್ಲಿ ಸತ್ತವರ ದನಿಯನ್ನೆಲ್ಲ ಶಂಖಗಳಲ್ಲಿ ತುಂಬಿ ಇಟ್ಟಿದ್ದಾರೆ. ಮಿಂಚಿ ಎಂಬ ಹುಡುಗಿ ಅಪ್ಪನ ಶಂಖ ಹುಡುಕುತ್ತ ನೀರಿಗಿಳಿಯುತ್ತಾಳೆ. ಹನ್ನೊಂದನೆಯ ಕಂತಿನ ಕೊನೆಗೆ ಶಂಖವನ್ನು ಕಿವಿಯ ಹತ್ತಿರ ತಂದಳು. ಅಲ್ಲಿಗೆ ನಿಂತಿತು. ಮುಂದಿನ ಭಾಗ ಇಲ್ಲವೆಂದು ಹೋದ ವಾರ ಸುದ್ದಿ ಬಂತು. ಕೃತಿ ಅಳುತ್ತ ಮೊದಲು ಓಡಿದ್ದು ಎದುರು ಮನೆಗೆ. ಬಾಗಿಲು ಮುಚ್ಚತೊಡಗಿದ್ದು ಅದಾದ ಮೇಲೆ.

ಬ್ಯಾಂಕಿಗೆ ರಜೆಯ ಎರಡನೇ ಶನಿವಾರ ದಿಶಾ ಒಗ್ಗರಣೆ ಅವಲಕ್ಕಿಯ ಡಬ್ಬಿ ಹಿಡಿದು ಬೆಲ್ಲು ಒತ್ತಿದಳು.

“ತೆಗೀರಿ ಆಂಟಿ, ನಾನೊಬ್ಬಳೇ.”

ಚಿಲಕ ಸರಿಯಿತು. “ಮಗು?”

“ಅವರಪ್ಪನ ಜೊತೆ ಮಾಲ್‌ಗೆ ಹೋಗಿದಾಳೆ. ಯಾಕೆ, ಅವಳನ್ನ ಕಂಡ್ರೆ ಭಯಾನಾ?”

“ಹೌದು ಮಾರಾಯ್ತಿ,” ಎಂದರು ಕುಸುಮಾವತಿ. ನಗಲಿಲ್ಲ.

ಊಟದ ಮೇಜಿನ ಮೇಲೆ ದಪ್ಪ ರಟ್ಟಿನ ಪುಸ್ತಕ ತೆರೆದಿತ್ತು. ಕಂಪ್ಯೂಟರಿಗೆ ಹಾಕುವ ಮೊದಲು ಪ್ರತಿಯೊಂದನ್ನೂ ಕೈಯಲ್ಲಿ ನಕಲು ಮಾಡಿಕೊಳ್ಳುವುದು ಅವರ ಹಳೆಯ ಅಭ್ಯಾಸ.

“ನಾಲ್ಕು ದಿನ ಕೂತು ಅದನ್ನು ಪೂರ್ತಿ ನೋಡಿದೆ.”

“ಶಂಖದೂರಾ? ನೀವು ಮೊದಲೇ ನೋಡಿರಲಿಲ್ವಾ?”

“ಎಂತಕ್ಕೆ? ನನ್ನ ಕೆಲಸ ಅಭಿಪ್ರಾಯ ಓದುವುದು, ಕಾರ್ಟೂನು ನೋಡುವುದಲ್ಲ ಅಂತ ಇದ್ದೆ. ಆರನೇ ಕಂತಿನಲ್ಲಿ ನನಗೇ ತಡೆಯಲಿಕ್ಕೆ ಆಗಲಿಲ್ಲ. ಈ ಪ್ರಾಯದಲ್ಲಿ, ಒಬ್ಬಳೇ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಳುತ್ತಾ ಇರುವಾಗಲೇ ಅನ್ನಿಸಿತು, ಅಯ್ಯೋ ದೇವರೇ, ಈ ಅಳುವನ್ನು ನಾನು ಎಲ್ಲಿ ಹಾಕಿದ್ದೇನೆ ಅಂತ.”

ಕಂಪನಿ ಕೊಟ್ಟ ಸೂಚನೆಯಲ್ಲಿ ಒಂದು ಸಾಲಿತ್ತು: ಅಳು, ಹೆದರಿಕೆ, ನಿದ್ದೆಗೇಡು ಕಂಡರೆ ದೂರು. ಕುಸುಮಾವತಿ ಅದನ್ನು ಅಕ್ಷರಶಃ ಪಾಲಿಸಿದ್ದರು. ಬೆರಳಿಟ್ಟು ಓದತೊಡಗಿದರು.

“‘ಅಳಿಸಿ ಅಳಿಸಿ ಕೊಂದ್ರಲ್ಲಪ್ಪ, ಮುಂದಿನದು ಬೇಗ ಹಾಕಿ.’ ದೂರು. ‘ಅತ್ತು ಮುಗಿಸಿ, ಮಾತು ಬಿಟ್ಟಿದ್ದ ಅಣ್ಣನಿಗೆ ಫೋನ್ ಮಾಡಿದೆ.’ ಇದೂ ದೂರು. ಅಳು ಅಂತ ಕಂಡ ಕೂಡಲೇ ನನ್ನ ಕಣ್ಣು ಮುಂದೆ ಓಡಿತು ದಿಶಾ. ವಿಳಾಸ ಸಿಕ್ಕಿದ ಹಾಗೆ. ದೂರು ಹೆಚ್ಚಾಯಿತು ಅಂತಲೇ ನಿಲ್ಲಿಸಿದರೋ ಏನೋ.”

“ಅಯ್ಯೋ, ಕನ್ನಡದೋರ ನಾನೂರು ಮಾತಿಗೆ ಯಾರಾದ್ರೂ ಅಷ್ಟು ದೊಡ್ಡದನ್ನ ನಿಲ್ಲಿಸ್ತಾರಾ ಆಂಟಿ?”

“ರಂಜಿತನೂ ಅದನ್ನೇ ಹೇಳಿದ. ಮೇಲಿನವರ ತೀರ್ಮಾನ, ಅಮ್ಮ ಟೆನ್ಶನ್ ಮಾಡಬೇಡಿ ಅಂತ. ತಿದ್ದಿ ಕೊಡ್ತೇನೆ ಅಂದೆ. ಫೈಲು ಮುಚ್ಚಿ ಆಯ್ತಂತೆ.” ಪುಸ್ತಕದ ಅಂಚನ್ನು ಸವರಿದರು. “ನನ್ನಿಂದಲೇ ಅಲ್ಲದಿರಬಹುದು. ಆದರೆ ನಾನು ಕೊಟ್ಟ ಹಾಳೆಯಲ್ಲಿ ಸುಳ್ಳು ಉಂಟಲ್ಲ?”

ದಿಶಾ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಸುಮ್ಮನೆ ಪುಟ ಮಗುಚಿದಳು. ನೂರ ಅರವತ್ತಮೂರನೆಯ ನಮೂದಿನಲ್ಲಿ ಅವಳ ಕಣ್ಣು ನಿಂತಿತು.

‘ನನ್ನ ಮಗಳು ಮುಕ್ಕಾಲು ಗಂಟೆ ಅತ್ತಳು. ಹಾಸನದಲ್ಲಿ ತಾತ ತೀರಿಕೊಂಡಾಗ ಒಂದು ಹನಿ ಕಣ್ಣೀರು ಹಾಕದವಳು, ಅವರು ಕೊಟ್ಟ ಟಾರ್ಚನ್ನು ಯಾರಿಗೂ ಮುಟ್ಟಗೊಡದವಳು. ತಾತ ಕರೆದ್ರೆ ನಂಗೆ ಕೇಳ್ಸತ್ತಾ ಎಂದು ಕನ್ನಡದಲ್ಲಿ ಕೇಳಿದಳು. ನಿಮಗೆ ಕೈ ಮುಗಿಯುತ್ತೇನೆ.’

ಶಂಖದೂರು ನೋಡಿ ಕೃತಿ ಹಾಗೆ ಅತ್ತ ದಿನ ಸಂಜೆ ದಿಶಾ ತನ್ನ ದಿನಚರಿಯಲ್ಲಿ ಬರೆದುಕೊಂಡದ್ದನ್ನೇ ಸುಳ್ಳು ಹೆಸರಿನಲ್ಲಿ ಆನ್‌ಲೈನಿಗೆ ಹಾಕಿದ್ದಳು. ಇಲ್ಲಿ ಅದು ಕುಸುಮಾವತಿಯವರ ದುಂಡು ಅಕ್ಷರದಲ್ಲಿತ್ತು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ದೂರು’.

“ಇದು ಯಾರು ಅಂತ ನಿಮಗೆ…”

“ಆ ಟಾರ್ಚು ನನ್ನ ಮನೆಯ ಸೋಫಾದಲ್ಲೂ ಮಲಗಿ ಹೋಗಿದೆ. ಮೊನ್ನೆ ಮತ್ತೆ ಓದಿದಾಗ ಗೊತ್ತಾಗದೆ ಇರುತ್ತದಾ? ಪೂರ್ತಿ ಬರೆದುಕೊಂಡಿದ್ದೇನೆ ನೋಡು, ಒಂದು ಅಕ್ಷರ ಬಿಡದೆ. ಬರೆದದ್ದು ಕೈ. ಆಗ ನಾನು ಓದಲಿಲ್ಲ. ಮೊದಲ ಸಾಲಿನಲ್ಲೇ ‘ಅತ್ತಳು’ ಸಿಕ್ಕಿತಲ್ಲ.”

ದಿಶಾ ಎದ್ದು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಇಂಥ ಹೊತ್ತಿನಲ್ಲಿ ಕೈಗೊಂದು ಕೆಲಸ ಬೇಕು ಅವಳಿಗೆ. ಬೇಜಾರಾಯಿತೇ? ಆಯಿತು. ಆದರೆ ಕುರ್ಚಿಯಲ್ಲಿ ಕುಗ್ಗಿ ಕೂತವರನ್ನು ನೋಡಿದರೆ, ಅದನ್ನು ಬಾಯಿಬಿಟ್ಟು ಹೇಳುವ ಮನಸ್ಸು ಬರಲಿಲ್ಲ.

“ಇವರ ಕಾಗದವನ್ನೂ ಹಾಗೆಯೇ ಓದುತ್ತಿದ್ದೆ,” ಎಂದು ಕುಸುಮಾವತಿ ಗೋಡೆಯ ಮೇಲಿನ ಜನಾರ್ದನರ ಫೋಟೋದ ಕಡೆ ತಲೆ ಆಡಿಸಿದರು. “ಎರಡೆರಡು ಹಾಳೆ ಬರೆಯುತ್ತಿದ್ದರು. ಯಾವ ರೈಲಿಗೆ ಬರುತ್ತಾರೆ ಅಂತ ಹುಡುಕುವುದು, ಸಿಕ್ಕಿದ ಕೂಡಲೇ ಮಡಚಿ ಇಡುವುದು. ಉಳಿದದ್ದು ಬಂದ ಮೇಲೆ ಬಾಯಲ್ಲೇ ಹೇಳ್ತಾರಲ್ಲ ಅಂತ. ಬಂದರೆ ಮಾತೇ ಆಡದ ಮನುಷ್ಯ.”

“ಆ ಕಾಗದ ಎಲ್ಲ ಇಟ್ಟಿದೀರಾ?”

“ತಿರುವನಂತಪುರ ಬಿಡುವಾಗ ಚಾಲೈ ಪೇಟೆಯ ಗುಜರಿಯವನಿಗೆ ಹಾಕಿದೆ, ಹಳೇ ಪೇಪರಿನೊಟ್ಟಿಗೆ.”

ಚಹಾ ಉಕ್ಕುವಷ್ಟರಲ್ಲಿ ದಿಶಾ ಒಲೆ ಆರಿಸಿದಳು. ಎರಡು ಲೋಟ ತಂದಿಟ್ಟಳು. ಕುಸುಮಾವತಿ ಮುಟ್ಟಲಿಲ್ಲ.

“ಸೋಮವಾರದಿಂದ ಕೃತೀನ ಕಳಿಸ್ಲಾ ಆಂಟಿ? ದಿನಾ ಕೇಳ್ತಾಳೆ.”

ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ದಿಶಾಳ ಕೈ ಹಿಡಿದುಕೊಂಡರು.

“ಒಂದು ಉಪಕಾರ ಮಾಡು. ಮೊದಲು ನೀನೇ ಅವಳಿಗೆ ಹೇಳು. ನನ್ನ ಬಾಯಿಂದ ಆಗುವುದಿಲ್ಲ. ಕಂಪನಿಯವರು ನಿಲ್ಲಿಸಿದರು ಅಂತ ಹೇಳಬೇಡ. ಅಮ್ಮೂಮ್ಮ ನಿನ್ನ ವಿಷಯ ಪೂರ್ತಿ ಓದಲಿಲ್ಲ ಅಂತ ಹೇಳು. ಅಷ್ಟು ಕೇಳಿಯೂ ಬರುತ್ತೇನೆ ಅಂದರೆ ಕಳಿಸು.”