ಕ್ಯಾಮೆರಾಗೆ ಹೇಳಿ ಬೆನ್ನು ಬಡಿಯುವ ಜಲಜಾ

ಬಂಗಾಳದ ರಾಜಧಾನಿಯ ಬೆಹಾಲಾ ಬಡಾವಣೆ, ಮೂರನೇ ಮಹಡಿಯ ಫ್ಲ್ಯಾಟು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಸಿಗೆಯಲ್ಲಿ ಶಾಂತಮ್ಮನವರನ್ನು ಎಬ್ಬಿಸಿ ಕೂರಿಸಿ, ಎದೆಗೆ ದಿಂಬು ಒತ್ತುಕೊಟ್ಟು, ಜಲಜಾ ಗೋಡೆಯ ಮೂಲೆಗೆ ತಿರುಗುತ್ತಾರೆ. ಅಲ್ಲಿ ನಿಂಬೆಹಣ್ಣಿನ ಗಾತ್ರದ ಕ್ಯಾಮೆರಾ. ಅದರೆದುರು ಅಂಗೈಯನ್ನು ಬಟ್ಟಲಿನಂತೆ ಮಡಿಸಿ ಹಿಡಿಯುತ್ತಾರೆ.

“ಅಕ್ಕಾರ, ಈಗ ಬೆನ್ನು ಬಡೀತೀನ್ರಿ. ಕಫ ಇಳಿಸಾಕ. ಹೊಡಿಯಾಕತ್ತಿಲ್ರಿ.”

“ಅದ್ಯಾರಿಗೆ ವರದಿ ಒಪ್ಪಿಸ್ತೀಯೇ? ಬೇಗ ತಟ್ಟು, ಕಾಫಿ ಆರ್ತಿದೆ,” ಎಂದು ಶಾಂತಮ್ಮ ಗದರುತ್ತಾರೆ.

ವರದಿ ಮಗಳು ಸಿಂಧೂರಗೆ. ನಸುಕಿನ ಪಾಳಿಗೆ ಹೋದ ಅವರು ಐಟಿ ಕಂಪನಿಯ ಮೇಜಿನಿಂದಲೇ ಮನೆಯನ್ನು ಮೊಬೈಲಿನಲ್ಲಿ ನೋಡುತ್ತಾರೆ. ಲಕ್ವ ಹೊಡೆದ ಮೇಲೆ ತಾಯಿಗೆ ಹಿಂದಿ, ಬಂಗಾಳಿ ಎರಡೂ ಮರೆತು, ಮೈಸೂರಿನ ಕನ್ನಡವೊಂದೇ ಉಳಿದಿದೆ. ಕನ್ನಡ ಬಲ್ಲ ಆಯಾ ಈ ಊರಲ್ಲಿ ಸಿಗುವುದುಂಟೇ? ಸಿಕ್ಕವರು ಜಲಜಾ. ಅವರ ಒಂದು ದಿನವನ್ನು ಬರೆದುಕೊಳ್ಳಲು ಬಂದು, ಸಂಜೆಯವರೆಗೆ ನಾನೂ ಇಲ್ಲಿ ಕೂತಿದ್ದೇನೆ.

ಜಲಜಾ ಹಾವೇರಿ ಕಡೆಯವರು. ಗಂಡ ಹೌರಾದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅದು ಮುಚ್ಚಿದಾಗ ಇವರು ಆಯಾ ಸೆಂಟರ್ ಸೇರಿದರು. ರೋಗಿಗಳ ಮನೆಗೆ ಆರೈಕೆಯ ಹೆಂಗಸರನ್ನು ಕಳಿಸುವ ಇಂಥ ಸೆಂಟರುಗಳು ಇಲ್ಲಿ ಪಾಡಾಕ್ಕೊಂದು, ಅಂದರೆ ಬಡಾವಣೆಗೊಂದು. ಕಫ ಕಟ್ಟಿದವರ ಬೆನ್ನನ್ನು ಬಡಿಯುವ ರೀತಿಯನ್ನು ನರ್ಸಿಂಗ್ ಹೋಮಿನವರೊಬ್ಬರು ಕಲಿಸಿದರು. ಕೈ ಬಟ್ಟಲಾಗಿದ್ದರೆ ಸದ್ದು ಜೋರು, ನೋವಿಲ್ಲ. ದೂರದಿಂದ ನೋಡುವವರಿಗೆ ಮಾತ್ರ ಹೊಡೆತದಂತೆಯೇ ಕಾಣುತ್ತದೆ.

ಹಾಗೆ ಕಂಡದ್ದರಿಂದಲೇ ಎಲ್ಲ ಆಯಿತು. ಎರಡು ಚಳಿಗಾಲದ ಹಿಂದೆ ಬಾರಾನಗರದ ಮನೆಯೊಂದರಲ್ಲಿ ಅಜ್ಜನ ಆರೈಕೆಗಿದ್ದಾಗ, ಮೊಮ್ಮಗ ಕಚೇರಿಯಲ್ಲಿ ಕೂತು ಮೊಬೈಲು ತೆರೆದ. ಬಾಗಿ ಕೂತ ಮುದುಕ, ಏರಿ ಇಳಿಯುವ ಕೈ. ಆ ವಿಡಿಯೊ ತುಣುಕನ್ನು ಪಾಡಾದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಟ್ಟ. ಜಲಜಾ ಮೆಟ್ಟಿಲಿಳಿದು ಬರುವಷ್ಟರಲ್ಲಿ ಗೇಟಿನ ಬಳಿ ಜನ ಸೇರಿತ್ತು.

“ಒಬ್ಬಾಕಿ ಚಪ್ಪಲಿ ಕೈಯಾಗ ಹಿಡಕೊಂಡಿದ್ದಳ್ರಿ. ಹಿಂದಿನ ದಿನ ಆಕಿನ ನನಗ ಪಿಠೆ ಅಂತ ಇಲ್ಲಿ ಕಡುಬು ಮಾಡಿ ಕೊಟ್ಟಿದ್ದಳು, ಬೆಲ್ಲ ಹಾಕಿ.”

ಡಾಕ್ಟರು ತಿಳಿಸಿ ಹೇಳಿದ ಮೇಲೆ ಮೊಮ್ಮಗ ಅದೇ ಗುಂಪಿನಲ್ಲಿ ಕ್ಷಮೆ ಕೇಳಿದ. ಆ ಕ್ಷಮೆಯನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. ತುಣುಕು ಮಾತ್ರ ಇಂದಿಗೂ ತಿರುಗುತ್ತಿದೆ, ಒಮ್ಮೆ ಪಟ್ನಾದ ಆಯಾ ಎಂದು, ಒಮ್ಮೆ ಪುಣೆಯ ಆಯಾ ಎಂದು. ಕಳೆದ ವರ್ಷ ಅದು ಹಾವೇರಿಗೂ ಮುಟ್ಟಿತು.

“ನಾದಿನಿ ಫೋನ್ ಮಾಡಿದಳ್ರಿ, ವೈನಿ ಇದು ನೀನ ಏನು ಅಂತ. ಹೌದವಾ ನಾನ ಅಂದೆ. ಮುಂದ ಏನ ಹೇಳಿದ್ರೂ ಆಕಿಗೆ ಕೇಳಿಸಲಿಲ್ಲ.”

ಈಗ ಸೆಂಟರಿನ ನಿಯಮ ಸರಳ: ಕ್ಯಾಮೆರಾ ಬೇಡ ಎನ್ನುವ ಆಯಾಗೆ ಕೆಲಸವಿಲ್ಲ. ಮನೆಮಂದಿಯೆಲ್ಲ ದುಡಿಯಲು ಹೋಗಲೇಬೇಕಾದಾಗ ಗೋಡೆಯ ಕಣ್ಣೇ ಧೈರ್ಯ. ಮಗುವನ್ನು ನೋಡಿಕೊಳ್ಳುವವಳ ತಲೆಯ ಮೇಲೆ ಅಂಥದೊಂದು ಸಿಕ್ಕಿಸಿ ಬಸ್ಸು ಹತ್ತುವವರಲ್ಲಿ ನಾವೂ ಇದ್ದೇವೆ. ಅದು ಕಾಯುತ್ತದೆ ಅಂದುಕೊಂಡಿದ್ದೇವೆ. ಅದಕ್ಕೆ ಎಷ್ಟು ಅರ್ಥವಾಗುತ್ತದೆ ಎಂದು ಕೇಳಿದವರಿಲ್ಲ.

ಅಂದು ಮಧ್ಯಾಹ್ನದ ಊಟಕ್ಕೆ ಮುನ್ನ ಕ್ಯಾಮೆರಾದ ದೀಪ ಆರುತ್ತದೆ. ಕೆಳಗೆ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ್ದಾರೆ. ಅದೇ ಹೊತ್ತಿಗೆ ಶಾಂತಮ್ಮನವರ ಗಂಟಲು ಗೊರಗೊರ ಎನ್ನತೊಡಗುತ್ತದೆ. ಕಣ್ಣು ಮೇಲಾಗುತ್ತದೆ. ಜಲಜಾರ ಕೈ ಎದ್ದದ್ದು ಅಲ್ಲೇ ನಿಲ್ಲುತ್ತದೆ. ಸಿಂಧೂರಗೆ ಫೋನು ಮಾಡುತ್ತಾರೆ. ರಿಂಗಾಗುತ್ತದೆ, ಎತ್ತುವುದಿಲ್ಲ. ಮತ್ತೆ ಮಾಡುತ್ತಾರೆ.

“ತಟ್ಟೇ…” ಶಾಂತಮ್ಮನವರ ದನಿ ಹೊರಡುತ್ತಿಲ್ಲ.

“ಕ್ಯಾಮೆರಾ ಬಂದ್ ಆಗೇತ್ರಿ ಅಮ್ಮಾರ! ನಾಳೆ ಮೈಮ್ಯಾಲೆ ಕೆಂಪಗ ಕಂಡ್ರ ನನ್ನ ಪರವಾಗಿ ಹೇಳೋರ್ಯಾರು?”

ನಾನಿದ್ದೇನೆ, ತಟ್ಟಿ ಎನ್ನುತ್ತೇನೆ. “ನೀವು ಸಂಜಿಗೆ ಹೋಗ್ತೀರಿ,” ಎನ್ನುತ್ತಾರೆ. ಆದರೆ ಅಷ್ಟರಲ್ಲಿ ಶಾಂತಮ್ಮನವರ ತುಟಿಯ ಬಣ್ಣ ತಿರುಗುತ್ತಿರುವುದು ಕಂಡು, ಫೋನು ಹಾಸಿಗೆಗೆ ಬಿಸಾಡಿ, ಅವರನ್ನು ತೊಡೆಯ ಮೇಲೆ ಬಾಗಿಸಿಕೊಂಡು ಬಡಿಯತೊಡಗುತ್ತಾರೆ. ಬಡಿದು, ಒರಗಿಸಿ, ಮತ್ತೆ ಬಡಿದು. ಕೊನೆಗೊಮ್ಮೆ ಕಫದ ಗಡ್ಡೆ ಬಟ್ಟೆಗೆ ಬೀಳುತ್ತದೆ.

ಉಸಿರು ಹದಕ್ಕೆ ಬಂದ ಮೇಲೆ ಶಾಂತಮ್ಮ ಮೊದಲು ಆಡುವ ಮಾತು: “ಕಫ ಉಗಿಯೋಕೂ ಪರ್ಮಿಷನ್ ಬೇಕೇನೇ ನಿಂಗೆ?”

ಆಗ ಫೋನು ಹೊಡೆದುಕೊಳ್ಳುತ್ತದೆ. “ಜಲಜಕ್ಕ, ಕ್ಯಾಮೆರಾ ಯಾಕೆ ಆಫ್ ಆಯ್ತು?”

ಜಲಜಾ ಒಂದೂ ಬಿಡದೆ ಹೇಳುತ್ತಾರೆ, ತಡ ಮಾಡಿದ್ದನ್ನೂ. ಕೇಳಿಸಿಕೊಂಡ ಸಿಂಧೂರ ಸಣ್ಣಗೆ ಹೇಳುತ್ತಾರೆ, “ಅಮ್ಮನ ಹತ್ತಿರ ಕೊಡಿ.”

ಜಲಜಾ ಬಚ್ಚಲಲ್ಲಿ ಕಫದ ಬಟ್ಟೆ ಒಗೆದು ಹಿಂಡುತ್ತಾರೆ. ಮುಂದೆ ಏನು ಬೇಕು ನಿಮಗೆ ಎಂದರೆ ನಲ್ಲಿ ನಿಲ್ಲಿಸಿ ಯೋಚಿಸುತ್ತಾರೆ.

“ನನಗೂ ವಯಸ್ಸಾಗ್ತೈತ್ರಿ. ನನ್ನ ಎದಿಯೊಳಗೂ ಕಫ ಕಟ್ತೈತಿ. ಆವಾಗ ಯಾವಾಕಿ ಬರ್ತಾಳೋ, ಆಕಿ ಅಂಜದಂಗ ಬಡೀಲಿ. ಅಷ್ಟು ಸಾಕ್ರಿ.”