ಜ್ವರ ಇಳಿಯುವವರೆಗೆ ಕಬ್ಬಿಣವಿಲ್ಲ

ನನ್ನ ಹೆಂಡತಿಯ ರಕ್ತದಲ್ಲಿ ಕಬ್ಬಿಣ ಕಮ್ಮಿ ಎಂದು ಹೊಸಪೇಟೆಯ ಡಾಕ್ಟರಮ್ಮ ಹೇಳಿದಾಗ ನಮ್ಮಿಬ್ಬರಿಗೂ ನಗು ಬಂತು. ಸಂಡೂರಿನ ಗುಡ್ಡದಿಂದ ಕಬ್ಬಿಣದ ಅದಿರು ತರುವ ಲಾರಿಗಳನ್ನು ತೂಕಕ್ಕೆ ನಿಲ್ಲಿಸುವುದು ನನ್ನ ಕೆಲಸ. ಸಂಜೆ ಮನೆಗೆ ಬಂದರೆ ಕಿವಿಯೊಳಗೂ ಕೆಂಧೂಳು. ನನ್ನ ಅಂಗಿ ನೆನೆಹಾಕಿದ ಬಕೆಟ್ಟಿನ ನೀರು ಕುಂಕುಮ ಕದಡಿದಂತೆ ಆಗುತ್ತಿತ್ತು.

"ಆ ನೀರು ಚೆಲ್ಲೋ ಬದ್ಲಿ ಕುಡದಿದ್ರ ಆಗ್ತಿತ್ತು ಬಿಡ್ರಿ," ಎಂದಳು ಅವಳು.

ಕಬ್ಬಿಣದ ಗುಳಿಗೆ ಅವಳಿಗೆ ಒಗ್ಗಲಿಲ್ಲ, ನುಂಗಿದ್ದೇ ವಾಂತಿ. ಕೊಡ ಎತ್ತಿದರೆ ಏದುಸಿರು ಬರುತ್ತಿತ್ತು. ಕೊನೆಗೆ ಸಲೈನ್ ಹಾಕುವಂತೆ ನರದ ಮೂಲಕವೇ ಕಬ್ಬಿಣ ಹಾಕುವುದೆಂದಾಯಿತು. ಆಸ್ಪತ್ರೆಗೆ ಸೇರುವ ದಿನವೇ ಅವಳಿಗೆ ಚಳಿಜ್ವರ ಬಂತು. ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು. ಮಂಚದ ಪಕ್ಕ ಬಾಟಲಿ ತೂಗುಹಾಕಿದರು. ಅದರಲ್ಲಿದ್ದದ್ದು ಸೋಂಕಿನ ಔಷಧಿ, ಕಬ್ಬಿಣವಲ್ಲ.

"ಕಬ್ಬಿಣ ಯಾವಾಗ ಹಾಕ್ತೀರಿ ಮೇಡಂ?" ಎಂದು ಕೇಳಿದೆ.

"ಮೊದ್ಲು ಜ್ವರ ಇಳೀಲಿ. ಈಗ ಹಾಕಿದ್ರ ಕ್ರಿಮಿಗೆ ಊಟ ಬಡಿಸಿದಂಗ ಆಗಬೋದ್ರಿ," ಎಂದರು ಡಾಕ್ಟರಮ್ಮ.

ಕಬ್ಬಿಣವಿಲ್ಲದೆ ಆ ಕ್ರಿಮಿಯೂ ಬೆಳೆಯುವುದಿಲ್ಲವಂತೆ. ಕಬ್ಬಿಣವನ್ನು ಒಳಗೆಳೆದುಕೊಳ್ಳಲು ಅದರ ಮೈಮೇಲೆ ಬಾಗಿಲುಗಳಂಥವು ಇರುತ್ತವೆ. ಸೋಂಕು ತಗುಲಿದರೆ ನಮ್ಮ ದೇಹ ತನ್ನ ಕಬ್ಬಿಣವನ್ನು ಬಚ್ಚಿಡುತ್ತದೆ. ಕ್ರಿಮಿ ಗಾಳ ಬಿಟ್ಟು ಅದನ್ನೇ ಹಿಡಿಯಲು ನೋಡುತ್ತದೆ.

ನಾನು ಹತ್ತನೇ ತರಗತಿ ಪಾಸಾದದ್ದು ಮದುವೆಯಾದ ಮೇಲೆ. ರೊಟ್ಟಿ ಬಡಿಯುತ್ತ ವಿಜ್ಞಾನದ ಪ್ರಶ್ನೆ ಕೇಳಿ ಕೇಳಿ ಓದಿಸಿದವಳು ಅವಳೇ. ವಿದ್ಯುದಾವೇಶ ಇರುವ ಕಣವೇ ಅಯಾನು ಎಂದು ಆಗ ಬಾಯಿಪಾಠ ಮಾಡಿದ್ದೆ. ಈಗ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ಅದೇ ಪದ ಓದಿದೆ. ಕಬ್ಬಿಣದ ಅಯಾನುಗಳನ್ನು ಸಾಗಿಸುವ ಆ ಬಾಗಿಲುಗಳನ್ನು ಪ್ರಯೋಗಾಲಯದಲ್ಲಿ ಕೆಡಿಸಿದರೆ ಎಷ್ಟೋ ಕ್ರಿಮಿಗಳಿಗೆ ಕಾಯಿಲೆ ತರುವ ಕಸುವೇ ಕುಗ್ಗುತ್ತದಂತೆ. ಎದ್ದು ಓಡಿದೆ.

"ಆ ಬಾಗಿಲು ಮುಚ್ಚೋ ಔಷಧಿ ಇಲ್ಲೇನ್ರಿ ಮೇಡಂ?"

ಡಾಕ್ಟರಮ್ಮ ನಗಲಿಲ್ಲ. "ಹುಡುಕಾಕ ಹತ್ಯಾರ್ರಿ. ನನ್ನ ಕೈಯಾಗ ಇರೋದು ಈಗ ಕೊಡೋ ಔಷಧಿ ಅಷ್ಟ. ಅದು ಕೆಲಸ ಮಾಡೋತನಕ ಕಾಯಬೇಕು."

ಮರುದಿನ ಮಧ್ಯಾಹ್ನದ ಬಸ್ಸಿಗೆ ಕಂಪ್ಲಿಯಿಂದ ಅತ್ತೆ ಬಂದರು. ಮಗಳ ರಕ್ತಕ್ಕೆ ಒಳ್ಳೆಯದೆಂದು ಡಬ್ಬಿ ತುಂಬ ನುಗ್ಗೆಸೊಪ್ಪಿನ ಪಲ್ಯ ತಂದಿದ್ದರು. ನನಗೆ ತಿಳಿದಷ್ಟನ್ನು ಅವರಿಗೆ ಹೇಳಿದೆ.

"ಆ ಹುಳಕ್ಕೂ ಕಬ್ಬಿಣ ಬೇಕಂತೇನು? ಹಂಗಾದ್ರ ಸಂಡೂರು ಗುಡ್ಡಕ್ಕ ಹೋಗಿ ಸಾಯಾಕ ಏನಾಗಿತ್ತು ಅದಕ್ಕ? ನನ್ನ ಮಗಳ ಮೈಯಾಗ ಏನೈತಂತ ಇಲ್ಲಿಗೆ ಬಂತು?"

ಜ್ವರದಲ್ಲೂ ಹೆಂಡತಿ ನಕ್ಕಳು. ಪಕ್ಕದಲ್ಲಿದ್ದ ನರ್ಸ್ ಕೂಡ ನಕ್ಕಳು. ಅತ್ತೆ ಮಾತ್ರ ತಮಾಷೆಗೆ ಹೇಳಿರಲಿಲ್ಲ.

"ಪಲ್ಯನಾರ ತಿನ್ನಬೋದೋ ಇಲ್ಲೋ ಯವ್ವಾ?" ಎಂದು ನರ್ಸನ್ನು ಕೇಳಿದರು.

"ಊಟಕ್ಕ ಏನೂ ತೊಂದ್ರಿ ಇಲ್ಲಮ್ಮಾ. ಎಷ್ಟ್ ತಿಂತಾರ ತಿನ್ಲಿ."

ಅತ್ತೆ ತುತ್ತು ಮಾಡಿ ಬಾಯಿಗಿಟ್ಟರು. ಅವಳು ಕಷ್ಟಪಟ್ಟು ನುಂಗಿದಳು. ಎರಡನೆಯ ತುತ್ತಿಗೆ ಮುಖ ಹೊರಳಿಸಿದಳು. "ಬ್ಯಾಡವ್ವಾ, ಬಾಯೆಲ್ಲ ಕಹಿ ಆಗೇತಿ."

ಸಂಜೆ ನರ್ಸ್ ಮತ್ತೆ ಜ್ವರ ನೋಡಿ ತಲೆ ಆಡಿಸಿದಳು. ಇಳಿದಿರಲಿಲ್ಲ.

"ಇವತ್ತರ ಹಾಕ್ತಾರೇನ್ರಿ?" ಎಂದು ಹೆಂಡತಿ ನನ್ನನ್ನು ಕೇಳಿದಳು.

"ಜ್ವರ ಇಳೀಲಂತ."

"ಅದು ಇಳೀವಲ್ದಲ್ರಿ," ಎಂದಳು. ತಾನೇ ಏನೋ ತಪ್ಪು ಮಾಡಿದವಳ ಹಾಗಿತ್ತು ಆ ದನಿ.

ಅವಳ ಕೈ ಹಿಡಿದುಕೊಂಡೆ. ಉಗುರುಗಳು ಬೆಳ್ಳಗೆ ಬಿಳಿಚಿದ್ದವು. ಎಷ್ಟು ಸೋಪು ಹಾಕಿ ತೊಳೆದಿದ್ದರೂ ನನ್ನ ಉಗುರಿನ ಸಂದಿಯಲ್ಲಿ ಅದಿರಿನ ಧೂಳು ಹಾಗೇ ಇತ್ತು. ಅವಳಿಗೆ ಕಾಣದಿರಲೆಂದು ಬೆರಳು ಮಡಚಿದೆ.

ಅವಳಿಗೆ ನಿದ್ದೆ ಹತ್ತಿದ ಮೇಲೆ ಅತ್ತೆ ಡಬ್ಬಿಯನ್ನು ನನ್ನ ಮುಂದೆ ಸರಿಸಿದರು.

"ನಾಳೆತನಕ ಇದು ಇರಂಗಿಲ್ರಿ ಅಳಿಯಂದ್ರ. ನೀವರ ಉಣ್ರಿ."

ಗೋಡೆಗೆ ಮುಖ ಮಾಡಿ ಕುಳಿತೆ. ಅವಳಿಗೆಂದು ತಂದ ಪಲ್ಯವನ್ನು ಪೂರ್ತಿ ನಾನೇ ತಿಂದೆ.