ಬ್ಯಾರಲ್ಲಿನ ನೀರು

ನೀರಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ ಎಂದು ಕಾಲೇಜಿನಲ್ಲಿ ಪಾಠ ಮಾಡಿ ಗಾಜಿಪುರದ ಮನೆಗೆ ಬರುತ್ತೇನೆ. ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಬ್ಯಾರಲ್ಲಿನ ಮುಚ್ಚಳ ತೆಗೆದರೆ, ಕಲಬುರಗಿಯ ಬಿಸಿಲಿಗೆ ಕಾದ ನೀರು ಹೊಸ ಚಪ್ಪಲಿಯಂತೆ ನಾರುತ್ತದೆ. ಹಾಗೆ ನೋಡಿದರೆ ಯಾವ ಪಾತ್ರೆಯೂ ನೀರನ್ನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ರಂಜಣಗಿ ತನ್ನ ಮಣ್ಣಿನ ವಾಸನೆ ಕೊಡುತ್ತದೆ, ತಾಮ್ರದ ಕೊಡ ತನ್ನ ಒಗರು. ಅವನ್ನು ನಾವು ರುಚಿ ಎಂದು ಹೊಗಳುತ್ತೇವೆ. ಪ್ಲಾಸ್ಟಿಕ್ ಏನು ಕೊಡುತ್ತದೆಂದು ಕೇಳುವ ಅಭ್ಯಾಸ ತೊಂಬತ್ತರ ದಶಕದಲ್ಲಿ ನಮಗಿರಲಿಲ್ಲ.

ಕೇಳಿದವಳು ಕಮಲಾಪುರಕ್ಕೆ ಕೊಟ್ಟ ನನ್ನ ತಂಗಿ ಸುನಂದಾ. ಏಳು ತಿಂಗಳಿಗೆ ಅವಳ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಗಂಡನ ಮನೆಯ ಪ್ಲಾಸ್ಟಿಕ್ ಬ್ಯಾರಲ್ಲಿನ ನೀರು ಕುಡಿದದ್ದಕ್ಕೇ ಹೀಗಾಯಿತೆಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಬಸ್ಸು ಹತ್ತಿ ಬಂದವಳು ಚೀಲದಿಂದ ಆ ನೀರು ತೆಗೆದು ನನ್ನ ಮುಂದಿಟ್ಟಳು. ಪ್ಲಾಸ್ಟಿಕ್ ಬಾಟಲಿಯಲ್ಲಿ.

"ಪ್ಲಾಸ್ಟಿಕ್ಕಿನ ನೀರು ಪ್ಲಾಸ್ಟಿಕ್ಕಿನ್ಯಾಗ ತಂದ್ರ ಏನ್ ತಿಳೀತದವಾ?" ಎಂದೆ.

"ಮತ್ತ ಬಸ್ಸಿನ್ಯಾಗ ರಂಜಣಗಿ ಹೊತ್ಕೊಂಡು ಬರಬೇಕಿತ್ತೇನು?"

ಬಹಳ ದಿನಗಳ ಮೇಲೆ ಅವಳು ನಕ್ಕದ್ದು. ನಗುತ್ತಲೇ ಅತ್ತಳು.

ಎರಡು ಗಾಜಿನ ಬಾಟಲಿ ತೊಳೆದುಕೊಂಡು ಕಮಲಾಪುರಕ್ಕೆ ಹೋದೆ. ಬ್ಯಾರಲ್ ಖಾಲಿ ಮಾಡಿಸಿ ನಳದ ನೀರು ತುಂಬಿಸಿದೆ. ಹೋಲಿಸಲು ಅದೇ ನೀರನ್ನು ಒಂದು ಬಾಟಲಿಗೂ ತುಂಬಿ, ಪಕ್ಕದಲ್ಲೇ ಬಿಸಿಲಿಗಿಟ್ಟೆ. ಕೆಲವು ದಿನ ಬಿಟ್ಟು ಮತ್ತೆ ಹೋಗಿ ಬ್ಯಾರಲ್ಲಿನ ನೀರನ್ನು ಇನ್ನೊಂದು ಬಾಟಲಿಗೆ ಹಿಡಿಯುವಾಗ ಸುನಂದಾಳ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಏನ್ರಿ ಬೀಗರ, ಡಾಕ್ಟರು ಮನಷ್ಯಾರ ರಕ್ತ ತಗೋತಾರ, ನೀವು ನಮ್ಮ ಬ್ಯಾರಲ್ಲಿಂದು ತಗೋಳಾಕತ್ತೀರಿ!"

ನಾನು ನಕ್ಕೆ, ಅವರು ನಗಲಿಲ್ಲ. ಆ ಬ್ಯಾರಲ್ ತರಿಸಿದವರು ಅವರೇ. ನಳ ಬಾರದ ದಿನ ಬಸುರಿ ಸೊಸೆ ಬೋರಿಂಗಿನಿಂದ ಕೊಡ ಹೊರಬಾರದೆಂದು.

ಕಾಲೇಜಿನ ಲ್ಯಾಬಿನಲ್ಲಿ ಎರಡೂ ನೀರಿಗೆ ಪರ್ಮಾಂಗನೇಟಿನ ಗುಲಾಬಿ ಬಣ್ಣ ಹಾಕಿ ಕಾದೆ. ಗಾಜಿನಲ್ಲೇ ಇದ್ದ ನೀರಿನಲ್ಲಿ ಬಣ್ಣ ನಿಂತಿತು. ಬ್ಯಾರಲ್ಲಿನದರಲ್ಲಿ ಮೆಲ್ಲಗೆ ಮಾಸಿತು. ನೀರಿಗೆ ಏನೋ ಸೇರಿತ್ತು. ಅದು ಪ್ಲಾಸ್ಟಿಕ್ಕಿನದೋ ಪಾಚಿಯದೋ, ಕೂಸಿಗೆ ತಾಗುವಂಥದ್ದೋ ಅಲ್ಲವೋ, ಹೇಳುವ ಯಂತ್ರ ನಮ್ಮಲ್ಲಿರಲಿಲ್ಲ.

ಮತ್ತೆ ಕಮಲಾಪುರಕ್ಕೆ ಹೋಗಿ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿ ಅಷ್ಟನ್ನೇ ಹೇಳಿದೆ. "ಈ ನೀರು ಕುಡೀಬ್ಯಾಡ್ರಿ. ಕೂಸು ಇದರಿಂದನ ಹೋತು ಅಂತ ಹೇಳಾಕ ಬರಂಗಿಲ್ಲ. ಅಲ್ಲ ಅಂತನೂ ಹೇಳಾಕ ಬರಂಗಿಲ್ಲ."

"ತರಿಸಿದಾಕಿ ನಾನ," ಎಂದರು ಅತ್ತೆ, ಬಹಳ ಸಣ್ಣ ದನಿಯಲ್ಲಿ.

ಸುನಂದಾ ಅವರ ಹತ್ತಿರ ಸರಿದಳು. "ಬ್ಯಾರಲ್ ಇರ್ಲಿಲ್ಲಂದ್ರ ನಾ ಕೊಡ ಹೊರ್ತಿದ್ದೆ, ಅತ್ತಿ. ಆಗೇನಾಗ್ತಿತ್ತೋ." ನನ್ನ ಕಡೆ ತಿರುಗಿದಳು. "ಅದನ್ನ ಯಾವ ಬಾಟಲ್ಯಾಗ ಹಿಡದು ನೋಡ್ತಿ, ಅಣ್ಣಾ?"

ಅತ್ತೆ ಎದ್ದು ಕೊಡ ತೆಗೆದುಕೊಂಡರು. ಸುನಂದಾ ಇನ್ನೊಂದನ್ನು ಎತ್ತಿಕೊಂಡಳು. ಇಬ್ಬರೂ ಬೋರಿಂಗಿನ ಕಡೆ ನಡೆದರು.

ಹೋಲಿಸಲು ಎರಡನೆಯ ಬಾಟಲಿ ಇಲ್ಲದೆ ಯಾವ ನೀರಿನ ಬಗ್ಗೆಯೂ ತೀರ್ಪು ಕೊಡಬೇಡಿ ಎಂದು ಇಂದಿಗೂ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬದುಕಿಗೆ ಆ ಎರಡನೆಯ ಬಾಟಲಿ ಇರುವುದಿಲ್ಲ ಎಂಬುದು ಪರೀಕ್ಷೆಗೆ ಬರುವುದಿಲ್ಲ. ಆದರೂ ಒಮ್ಮೊಮ್ಮೆ ಹೇಳಿಬಿಡುತ್ತೇನೆ.